ಮೂಕ ಪಕಾರದ ವೃತ್ತಾಂತ

ಸ್ಕಾಟ್ಲೆಂಡಿನ ಎತ್ತರದ ಬೆಟ್ಟಗಳಲ್ಲಿ ವಾಸಿಸುವ, ಚಳಿಗಾಲ ಬಂದೊಡನೆ ಹಿಮದಂತೆ ಬೆಳ್ಳಗಾಗುವ ಹಕ್ಕಿಯೊಂದುಂಟು. ಕಾಲ್ಬೆರಳುಗಳವರೆಗೂ ಅದಕ್ಕೆ ಗರಿ. ಇಂಗ್ಲಿಷಿನಲ್ಲಿ ಅದನ್ನು 'ಟಾರ್ಮಿಗನ್' ಎನ್ನುತ್ತಾರೆ. ಈ ಹೆಸರನ್ನು ಕೇಳಿ ಮಾತ್ರ ಬಲ್ಲವನು ನಿಘಂಟಿನಲ್ಲಿ 'ಟಿ' ಅಕ್ಷರದ ಪುಟಗಳನ್ನೆಲ್ಲ ಮಗುಚಿದರೂ ಅದು ದೊರೆಯದು. ಏಕೆಂದರೆ ಬರೆಯುವಾಗ 'ಟಿ'ಗೆ ಮುಂಚೆ ಒಂದು 'ಪಿ' ಇದೆ. ಓದುವಾಗ ಅದು ಮೂಕ.

ಶಬ್ದವು ಗೇಲಿಕ್ ಭಾಷೆಯಿಂದ ಬಂದದ್ದು. ಅಲ್ಲಿನ ರೂಪವು ಸುಮಾರಾಗಿ 'ಟಾರ್ಮಖನ್'. ಅದರಲ್ಲಿ ಪಕಾರದ ಸುಳಿವೇ ಇಲ್ಲ. 1684ರಲ್ಲಿ ರಾಬರ್ಟ್ ಸಿಬಾಲ್ಡ್ ಎಂಬ ವೈದ್ಯನು ಸ್ಕಾಟ್ಲೆಂಡಿನ ಪ್ರಕೃತಿಯನ್ನು ಕುರಿತು ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಈ ಅಕ್ಷರವು ತಲೆದೋರಿತು. ಗ್ರೀಕ್ ಭಾಷೆಯಲ್ಲಿ ರೆಕ್ಕೆಗೆ 'ಪ್ಟೆರೊನ್' ಎಂದು ಹೆಸರು. ಹಕ್ಕಿಗೆ ರೆಕ್ಕೆಯಿರುವುದರಿಂದ ಹೆಸರಿನಲ್ಲಿಯೂ ಗ್ರೀಕ್ ರೆಕ್ಕೆ ಇರತಕ್ಕದ್ದೆಂಬ ತರ್ಕವೇ ಇದಕ್ಕೆ ಮೂಲವೆಂದು ತೋರುತ್ತದೆ. ಗುಡ್ಡಗಾಡಿನ ಜನರ ಬಾಯ ಮಾತಿಗೆ ಪಂಡಿತರು ತೊಡಿಸಿದ ಕಿರೀಟವಿದು! ಅದೇ ಗ್ರೀಕ್ ಶಬ್ದವು 'ಹೆಲಿಕಾಪ್ಟರ್' ಎಂಬಲ್ಲಿ ನ್ಯಾಯವಾಗಿಯೇ ಕುಳಿತಿದೆ, ಕಿವಿಗೂ ಕೇಳಿಸುತ್ತದೆ.

ಮೂಕಾಕ್ಷರಗಳೆಲ್ಲವೂ ಒಂದೇ ಬಗೆಯವೆಂದು ಮಾತ್ರ ತಿಳಿಯಲಾಗದು. ಸಾಲವೆಂಬ ಅರ್ಥದ 'ಡೆಟ್' ಶಬ್ದದಲ್ಲಿಯೂ ಉಚ್ಚರಿಸದ 'ಬಿ' ಒಂದುಂಟು. ಫ್ರೆಂಚಿನಿಂದ ಬಂದಾಗ ಅದಿರಲಿಲ್ಲ. ಪಂಡಿತರು ತರುವಾಯ ಸೇರಿಸಿದರು. ಆದರೆ ಲ್ಯಾಟಿನ್ ಮೂಲವಾದ 'ಡೆಬಿಟುಮ್' ಎಂಬುದರಲ್ಲಿ ಆ ಬಕಾರವು ನಿಜವಾಗಿಯೂ ಇತ್ತು. ಅದನ್ನು ಉಚ್ಚರಿಸಲೇಬೇಕೆಂದು ಹಟ ಹಿಡಿಯುವ ಉಪಾಧ್ಯಾಯನೊಬ್ಬನನ್ನು ಷೇಕ್ಸ್‌ಪಿಯರನು ತನ್ನ ನಾಟಕವೊಂದರಲ್ಲಿ ನಗೆಪಾಟಲು ಮಾಡಿದ್ದಾನೆ. ಅತಿರೇಕವಾದರೂ ಆ ಬಕಾರಕ್ಕೆ ವಂಶವುಂಟು. ನಮ್ಮ ಹಕ್ಕಿಯ ಪಕಾರಕ್ಕೆ ಅದೂ ಇಲ್ಲ.

ಈ ಭೇದವು ಕನ್ನಡ ಬರೆಯುವವರಿಗೂ ಬೇಕಾದದ್ದೇ. 'ಗಂಟೆ'ಯನ್ನು 'ಘಂಟೆ' ಎಂದು ಬರೆದರೆ ಸಂಸ್ಕೃತದ 'ಘಂಟಾ' ಶಬ್ದವು ಸಾಕ್ಷಿಗೆ ಬರುತ್ತದೆ. ತದ್ಭವವು ಸಾಕೆಂದು ನಾನು ಹೇಳಿದರೂ ಎದುರಾಳಿಯ ವಾದಕ್ಕೆ ನೆಲೆಯಿದೆ. 'ಚಳಿ'ಯನ್ನು 'ಛಳಿ' ಎಂದು ಬರೆಯುವವರಿಗೆ ಯಾವ ಸಾಕ್ಷಿ? ಅದು ಅಚ್ಚಗನ್ನಡ ಶಬ್ದ, ತೆಲುಗಿನ 'ಚಲಿ'ಗೆ ಸೋದರಿ. ಮಹಾಪ್ರಾಣವಿದ್ದರೆ ಘನತೆ ಹೆಚ್ಚೀತೆಂಬ ಭ್ರಮೆಯೊಂದೇ ಅಲ್ಲಿ ಕಾರಣ.

ಇಂಗ್ಲಿಷರು ಮೂರು ಶತಮಾನಗಳಿಂದ ಬರೆದು ಬಂದ 'ಪಿ'ಯನ್ನು ಈಗ ಕೀಳುವುದು ಅವರಿಗೆ ಬಿಟ್ಟ ವಿಷಯ. ನಮ್ಮ ಲಿಪಿಯಲ್ಲಿ ಬರೆದ ಅಕ್ಷರವು ನುಡಿಯದೆ ಇರದು. ಅಚ್ಚಿನ ಕಾಗುಣಿತವನ್ನು ನಂಬಿ 'ಪ್ಟಾರ್ಮಿಗನ್' ಎಂದು ಬರೆಯುವ ಅನುವಾದಕನು, ಇಂಗ್ಲಿಷರೇ ಉಚ್ಚರಿಸದ ಅಕ್ಷರವನ್ನು ಕನ್ನಡಿಗರ ಬಾಯಲ್ಲಿ ನುಡಿಸಿದಂತಾಗುತ್ತದೆ.