‘ವಾಸ್ತವ’ ಸೋತದ್ದು ಎಲ್ಲಿ?

ತನ್ನ ಸಮೀಕರಣದೊಳಗೆ ಸಂಕೀರ್ಣ ಸಂಖ್ಯೆಗಳು ಬಂದು ಕೂತದ್ದು ಶ್ರೋಡಿಂಗರ್‌ಗೆ ಹಿಡಿಸಿರಲಿಲ್ಲ. 1926ರ ಜೂನ್‌ನಲ್ಲಿ ಲೊರೆಂಟ್ಸ್‌ಗೆ ಬರೆದ ಪತ್ರದಲ್ಲಿ ಆ ಕಸಿವಿಸಿ ಕಾಣುತ್ತದೆ. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ರೆನೂ ಮತ್ತು ಸಂಗಡಿಗರ ಪ್ರಬಂಧ, ವಾಸ್ತವ ಸಂಖ್ಯೆಗಳಷ್ಟನ್ನೇ ಬಳಸುವ ಕ್ವಾಂಟಮ್ ಸಿದ್ಧಾಂತವನ್ನು ಪ್ರಯೋಗದಿಂದಲೇ ಅಲ್ಲಗಳೆಯಬಹುದು ಎಂದಿತು. ಮರುವರ್ಷದ ಪ್ರಯೋಗಗಳೂ ಅದರ ಪರವಾಗಿಯೇ ಬಂದವು. ಚರ್ಚೆ ಮುಗಿಯಿತೆಂದು ಹಲವರು ಭಾವಿಸಿದರು.

ನನ್ನ ತಕರಾರು ಪ್ರಬಂಧದ ಗಣಿತದ ಬಗ್ಗೆ ಅಲ್ಲ, ಅದನ್ನು ಓದಿದ ರೀತಿಯ ಬಗ್ಗೆ. ಯಾವುದೇ ಸಂಕೀರ್ಣ ಸಂಖ್ಯೆಯನ್ನು ಎರಡು ವಾಸ್ತವ ಸಂಖ್ಯೆಗಳ ಜೋಡಿಯಾಗಿ ಬರೆಯಬಹುದು. 1960ರಲ್ಲೇ ಸ್ಟೂಕೆಲ್‌ಬರ್ಗ್ ವಾಸ್ತವ ಸಂಖ್ಯೆಗಳಲ್ಲಿ ಕ್ವಾಂಟಮ್ ಸಿದ್ಧಾಂತವನ್ನು ಕಟ್ಟಿದ್ದರು. ಹಾಗಾದರೆ 2021ರಲ್ಲಿ ಸೋತದ್ದು ಯಾವುದು? ವಾಸ್ತವ ಸಂಖ್ಯೆಗಳು ಒಂಟಿಯಾಗಿ ಸೋಲಲಿಲ್ಲ, ಜೊತೆಗೊಂದು ನಿಯಮವಿತ್ತು. ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳ ಸ್ಥಿತಿಗಳನ್ನು ಟೆನ್ಸರ್ ಗುಣಲಬ್ಧದಿಂದಲೇ ಕೂಡಿಸಬೇಕು ಎಂಬ ನಿಯಮ ಅದು. ಅದನ್ನು ಬದಲಿಸಿದರೆ ವಾಸ್ತವ ಸಂಖ್ಯೆಗಳಿಂದಲೂ ಅದೇ ಫಲಿತಾಂಶಗಳು ಸಿಗುತ್ತವೆ. ಸಂಕೀರ್ಣ ಸಂಖ್ಯೆ ಬಿಟ್ಟೂ ನಡೆಯುತ್ತದೆ, ಆದರೆ ಕೂಡಿಸುವ ಸರಳತೆಯನ್ನು ಬಿಟ್ಟುಕೊಡಬೇಕು.

ಈ ಷರತ್ತು ಪ್ರಬಂಧದೊಳಗಿದೆ, ಶೀರ್ಷಿಕೆಯಲ್ಲಿಲ್ಲ. ‘ವಾಸ್ತವ’, ‘ಕಾಲ್ಪನಿಕ’ ಎಂಬ ಪಾರಿಭಾಷಿಕ ಪದಗಳನ್ನು ಲೋಕದ ಕುರಿತ ತೀರ್ಪೆಂದು ಓದುವ ನಮ್ಮ ಅಭ್ಯಾಸ ಉಳಿದ ಗೊಂದಲವನ್ನು ಮಾಡುತ್ತದೆ. ಸಂಕೀರ್ಣ ಸಂಖ್ಯೆ ಅನಿವಾರ್ಯ ಎಂದು ಯಾರಾದರೂ ಹೇಳಿದರೆ, ಯಾವ ನಿಯಮದಡಿ ಎಂದು ಮೊದಲು ಕೇಳೋಣ.