ಸಿಸಿ ಕೊನೆಗಿರಲಿ

ಸಿಡ್ನಿಯ ವೆಂಟ್‌ವರ್ತ್‌ವಿಲ್‌ನಲ್ಲೋ ಮೆಲ್ಬರ್ನಿನ ಟಾರ್ನೀಟ್‌ನಲ್ಲೋ ನಾಲ್ಕು ಜನ ಸೇರಿ ಬಾಡಿಗೆ ಮನೆ ಹಿಡಿದ ನಮ್ಮ ಹುಡುಗರು ಮೊದಲ ಸೆಕೆಂಡ್ ಹ್ಯಾಂಡ್ ಬೈಕ್ ನೋಡಲು ಹೊರಟಾಗ ಕೇಳುವುದು ಊರಿನ ಪ್ರಶ್ನೆಗಳನ್ನೇ. ಎಷ್ಟು ಸಿಸಿ? ಎಷ್ಟು ಓಡಿದೆ? ಎಷ್ಟನೇ ಓನರ್? ಕೊನೆಗೆ ಎಷ್ಟಕ್ಕೆ ಬಿಡ್ತೀರಿ? ಬೆಂಗಳೂರಿನಲ್ಲೋ ಹಾಸನದಲ್ಲೋ ಈ ಕ್ರಮದಲ್ಲಿ ಕೊಂಡವರಿಗೆ ಹೆಚ್ಚು ನಷ್ಟವಾಗುತ್ತಿರಲಿಲ್ಲ. ಗಾಡಿ ನೂರೋ ನೂರೈವತ್ತೋ ಸಿಸಿಯದು, ಬೀದಿ ತುದಿಯಲ್ಲಿ ಗುರುತಿನ ಮೆಕ್ಯಾನಿಕ್, ಟ್ರಾಫಿಕ್ಕಿನಲ್ಲಿ ನಲವತ್ತು ದಾಟುವುದೇ ಅಪರೂಪ. ಇಲ್ಲಿ ಈ ಮೂರೂ ಬದಲಾಗಿವೆ. ಆಯ್ಕೆಯ ಕ್ರಮ ಮಾತ್ರ ಹಾಗೇ ಉಳಿದಿದೆ, ಅದು ತಲೆಕೆಳಗಾಗಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೈಯಲ್ಲಿ ನಾಲ್ಕೈದು ಸಾವಿರ ಡಾಲರ್ ಇರುವವನು ಮೊದಲು ತನ್ನ ಮೈ ಕಾಯುವ ಬಟ್ಟೆ ನೋಡಬೇಕು, ಆಮೇಲೆ ಕಾಗದಪತ್ರ, ಆಮೇಲೆ ಟೈರು, ಬ್ರೇಕು. ಸಿಸಿಯ ಮಾತು ಎಲ್ಲಕ್ಕೂ ಕೊನೆಗೆ.

ಸಿಸಿಯ ಮೋಹಕ್ಕೆ ಇಲ್ಲಿನ ಕಾನೂನಿನ ಚರಿತ್ರೆಯೂ ಒಂದಿಷ್ಟು ಕಾರಣ. ಹಿಂದೆ ಹೊಸಬರಿಗಿದ್ದ ಮಿತಿ 250ರ ಆಸುಪಾಸಿನ ಸಿಸಿ. ನಿಯಮ ಸರಳವಾಗಿತ್ತು, ಹಿಡಿದ ಅಳತೆ ಮಾತ್ರ ತಪ್ಪಾಗಿತ್ತು. ಸುಜುಕಿಯ ಆರ್‌ಜಿವಿ 250, ಟೂ ಸ್ಟ್ರೋಕ್ ಎಂಜಿನ್ನಿನ ರೇಸ್ ತಳಿಯ ಬೈಕ್, ಕಲಿಯುವವನ ಕೈಗೆ ಕಾನೂನಿನ ಪ್ರಕಾರವೇ ಸಿಗುತ್ತಿತ್ತು. ಅದಕ್ಕಿಂತ ಎಷ್ಟೋ ಸೌಮ್ಯವಾದ ಜಿಎಸ್ 500 ಸಿಗುತ್ತಿರಲಿಲ್ಲ. ಜಪಾನಿನಲ್ಲಿ ಓಡಿ ಹಳತಾದ ಸಿಬಿಆರ್ 250 ಆರ್‌ಆರ್‌ಗಳು ಹಡಗಿನಲ್ಲಿ ಬಂದು ಇಲ್ಲಿನ ಹೊಸ ಸವಾರರ ಪಾಲಾದವು. ನಾಲ್ಕು ಸಿಲಿಂಡರು, ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತಿನವರೆಗೆ ಕಿರುಚುವ ಎಂಜಿನ್. ಕಲಿಕೆಗೆ ಅದಕ್ಕಿಂತ ಅನುಚಿತವಾದದ್ದು ಕಡಿಮೆ.

ನ್ಯೂ ಸೌತ್ ವೇಲ್ಸ್ 2002ರಲ್ಲಿ, ವಿಕ್ಟೋರಿಯಾ 2008ರಲ್ಲಿ ಈ ತಪ್ಪನ್ನು ತಿದ್ದಿಕೊಂಡವು. ಈಗಿರುವುದು ಲ್ಯಾಮ್ಸ್ ಪದ್ಧತಿ. ಬೈಕಿನ ತೂಕಕ್ಕೆ ಸವಾರನ ಲೆಕ್ಕದಲ್ಲಿ 90 ಕೆಜಿ ಸೇರಿಸಿ, ಒಂದು ಟನ್ನಿಗೆ 150 ಕಿಲೋವಾಟ್ ಮೀರದ ಶಕ್ತಿ ಇದ್ದರೆ, ಸಿಸಿ 650ರ ಆಸುಪಾಸಿನಲ್ಲೇ ನಿಂತರೆ, ಬೈಕು ಸರ್ಕಾರದ ಪಟ್ಟಿಗೆ ಸೇರುತ್ತದೆ. ಇದು ಒಳ್ಳೆಯ ಸುಧಾರಣೆ, ಹಳೆಯದಕ್ಕಿಂತ ಬಹಳ ವಿವೇಕದ್ದು. ಆದರೂ ಇದರೊಳಗೆ ಒಂದು ದೋಷ ಉಳಿದಿದೆ. ಈ ಲೆಕ್ಕದಲ್ಲಿ ಬೈಕಿನ ತೂಕ ಹೆಚ್ಚಿದಷ್ಟೂ ಪಾಸಾಗುವುದು ಸುಲಭ. ಕಲಿಯುವವನನ್ನು ಕಾಡುವುದು ಆ ತೂಕವೇ. ಸಿಗ್ನಲ್ಲಿನಲ್ಲಿ ಕಾಲು ಜಾರಿದಾಗ, ಇಳಿಜಾರಿನ ಡ್ರೈವ್‌ವೇಯಲ್ಲಿ ಹಿಂದಕ್ಕೆ ತಳ್ಳುವಾಗ, ನಿಧಾನವಾಗಿ ಯು ಟರ್ನ್ ಹೊಡೆಯುವಾಗ ಕಿಲೋವಾಟು ಲೆಕ್ಕಕ್ಕೆ ಬರುವುದಿಲ್ಲ, ಕೆಜಿ ಬರುತ್ತದೆ. ಪಟ್ಟಿಯಲ್ಲಿದೆ ಎಂದರೆ ಹೊಸಬನಿಗೆ ಹೊಂದುತ್ತದೆ ಎಂದು ನಮ್ಮವರು ಓದಿಕೊಳ್ಳುತ್ತಾರೆ. ಪಟ್ಟಿ ಹೇಳುವುದು ಅಷ್ಟನ್ನಲ್ಲ. ಇದರಿಂದಾಚೆ ಹೋಗಬೇಡ ಎನ್ನುವ ಗಡಿ ಅದು. ಇದನ್ನೇ ಕೊಳ್ಳು ಎನ್ನುವ ಸಲಹೆ ಅಲ್ಲ.

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬುಲೆಟ್ ಸದ್ದಿನ ನೆನಪು ಹೊತ್ತು ಬಂದವರಿಗೆ ಅದರ ಮೇಲೆ ಕಣ್ಣು ಬೀಳುವುದು ಸಹಜ, ಚೆನ್ನೈನಲ್ಲಿ ತಯಾರಾದದ್ದು ಎಂಬ ಅಭಿಮಾನವೂ ಸೇರುತ್ತದೆ. ಎಂಜಿನ್ ನಿಜಕ್ಕೂ ಸೊಗಸಾದದ್ದು. ಆದರೆ ಇನ್ನೂರು ಕೆಜಿ ದಾಟಿದ ಬೈಕನ್ನು ಮೊದಲ ಆರು ತಿಂಗಳು ನಿಭಾಯಿಸುವುದು ಎತ್ತರ, ತೋಳ್ಬಲ ಎರಡೂ ಇದ್ದವರಿಗೂ ಆಯಾಸ. ಅದೇ ಕಂಪನಿಯ ಮೀಟಿಯರ್ 350 ಕೂಡ ಹಗುರವಲ್ಲ, ಆದರೆ ಸೀಟು ತಗ್ಗು, ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವೆ, ಸ್ವಭಾವ ಶಾಂತ. ನಗರದೊಳಗೆ ಓಡಾಡುವವರಿಗೆ ಅದನ್ನು ಧೈರ್ಯವಾಗಿ ಹೇಳಬಲ್ಲೆ. ದಿನಾ ಮೋಟಾರ್‌ವೇಯಲ್ಲಿ ನೂರರ ಮೇಲೆ ಲಾರಿಗಳ ನಡುವೆ ಹೋಗಬೇಕಾದವರಿಗೆ ಹೇಳಲಾರೆ. ಆ ವೇಗದಲ್ಲಿ ಅದರ ಎಂಜಿನ್ನಿನಲ್ಲಿ ಉಳಿಕೆ ಶಕ್ತಿ ಇರುವುದಿಲ್ಲ. ಚಾಕಣ್‌ನಲ್ಲಿ ಬಜಾಜ್ ಕಟ್ಟುವ ಕೆಟಿಎಂ 390 ಡ್ಯೂಕ್ ಹಗುರ, ಚುರುಕು, ಬ್ರೇಕು ಒಳ್ಳೆಯದು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಡ್ಯೂಕುಗಳಲ್ಲಿ ಒರಟಾಗಿ ಓಡಿಸಿದವು, ಸೈಲೆನ್ಸರ್ ಬದಲಿಸಿದವು ಬಹಳ. ಮೂಲ ಸೈಲೆನ್ಸರ್ ಇಲ್ಲದ್ದನ್ನು ಬಿಟ್ಟುಬಿಡಿ.

ಕಡಿಮೆ ಬಜೆಟ್ಟಿನಲ್ಲಿ ನನ್ನ ಮೊದಲ ಮತ ಹೋಂಡಾ ವಿಟಿಆರ್ 250ಕ್ಕೆ. ಸಿಡ್ನಿ, ಮೆಲ್ಬರ್ನ್ ಎರಡರಲ್ಲೂ ಕಲಿಯುವವರ ಕೈಯಿಂದ ಕೈಗೆ ದಾಟುತ್ತ ಬಂದ ಬೈಕ್ ಅದು. ವಿ ಆಕಾರದ ಎರಡು ಸಿಲಿಂಡರ್, ಸುಮಾರು 160 ಕೆಜಿ, ತಗ್ಗು ಸೀಟು, ಹೊದಿಕೆಯಿಲ್ಲದ ಮೈ. ಬಿದ್ದರೆ ಮುರಿಯಲು ದುಬಾರಿ ಪ್ಲಾಸ್ಟಿಕ್ ಇಲ್ಲ. ಮೊದಲ ಬೈಕು ನಿಂತಲ್ಲಿಯಾದರೂ ಒಮ್ಮೆ ಬಿದ್ದೇ ಬೀಳುತ್ತದೆ, ಆದ್ದರಿಂದ ಇದು ಸಣ್ಣ ಮಾತಲ್ಲ. 2009ರಿಂದೀಚಿನವುಗಳಲ್ಲಿ ಕಾರ್ಬ್ಯುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಇದೆ. ಮೆಲ್ಬರ್ನಿನ ಜುಲೈ ಬೆಳಗಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಇನ್ನೂ ಅಗ್ಗಕ್ಕೆ, ಎತ್ತರದ ಆಳಾದರೆ, ಹಳೆಯ ಜಿಎಸ್ 500 ಕೂಡ ನಂಬಿಕಸ್ತ: ಗಾಳಿಯಿಂದಲೇ ತಣಿಯುವ ಸರಳ ಎಂಜಿನ್, ಸ್ವಂತ ಕೈಯಲ್ಲಿ ಆಯಿಲ್ ಬದಲಿಸುವುದು ಕಲಿಯಲು ಹೇಳಿ ಮಾಡಿಸಿದಂಥದು.

ಆದರೆ ಈ ಎರಡನ್ನೂ ಹೊಗಳುವಾಗ ಒಂದು ಕೊರತೆಯನ್ನು ಮುಚ್ಚಿಡಬಾರದು. ಎರಡಕ್ಕೂ ಎಬಿಎಸ್ ಇಲ್ಲ. 125 ಸಿಸಿ ಮೀರಿದ ಬೈಕುಗಳಿಗೆ ಆಸ್ಟ್ರೇಲಿಯಾ ಅದನ್ನು ಕಡ್ಡಾಯ ಮಾಡಿದ್ದು ಹೊಸ ಮಾದರಿಗಳಿಗೆ 2019ರ ನವೆಂಬರಿನಿಂದ, ಮಾರಾಟವಾಗುವ ಎಲ್ಲ ಹೊಸ ಬೈಕುಗಳಿಗೆ 2021ರ ನವೆಂಬರಿನಿಂದ. ಮೆಲ್ಬರ್ನಿನಲ್ಲಿ ಟ್ರಾಮ್ ಹಳಿಯ ಮೇಲೆ ಮಳೆ ಬಿದ್ದ ದಿನ, ಮುಂದಿನ ಕಾರು ಗಕ್ಕನೆ ನಿಂತಾಗ, ಹೊಸಬನ ಬಲಗೈ ಬ್ರೇಕನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಆ ಕ್ಷಣಕ್ಕೆಂದೇ ಇರುವುದು ಎಬಿಎಸ್. ಹಾಗಾಗಿ ಅದೇ ಬೆಲೆಯ ಆಸುಪಾಸಿನಲ್ಲಿ ಎಬಿಎಸ್ ಇರುವ ಸಿಬಿಆರ್ 250 ಆರ್ (ಮೇಲೆ ಹೇಳಿದ ಹಳೆಯ ಆರ್‌ಆರ್ ಅಲ್ಲ) ಸಿಕ್ಕರೆ, ಮೈಮೇಲೆ ನಾಲ್ಕು ಗೀರು ಹೆಚ್ಚಿದ್ದರೂ, ನಾನು ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಹೊಳಪಿಗಾಗಿ ಎಬಿಎಸ್ ಬಿಟ್ಟುಕೊಡುವುದು ನಮ್ಮವರಲ್ಲಿ ನಾನು ಕಾಣುವ ಅತಿ ದುಃಖದ ವ್ಯಾಪಾರ.

ಹಿಂದಿನ ಸೀಟು ಅಗಲವಾಗಿದೆಯೇ ಎಂದು ನೋಡುವವರೂ ಇದ್ದಾರೆ. ನಮಗೆ ಬೈಕು ಇಬ್ಬರ ವಾಹನ, ಕೆಲವೊಮ್ಮೆ ಇಡೀ ಸಂಸಾರದ್ದು. ಇಲ್ಲಿ ಕಲಿಕೆಯ ಅವಧಿಯಲ್ಲಿ ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಕಲಿಕೆ ಮುಗಿದ ಮೇಲಿನ ಮೊದಲ ಪಿ ಪ್ಲೇಟಿನ ವರ್ಷವೂ ಅದೇ. ಊರಿನ ಲೈಸೆನ್ಸ್ ಇದೆಯಲ್ಲ ಎನ್ನುವವರು ಗಮನಿಸಬೇಕು, 2023ರಿಂದ ಎರಡೂ ರಾಜ್ಯಗಳು ತಾತ್ಕಾಲಿಕ ವೀಸಾದವರಿಗೂ ಅದರ ಮೇಲೆ ಓಡಿಸಲು ಆರು ತಿಂಗಳ ಮಿತಿ ಹಾಕಿವೆ. ಮೊದಲ ಬೈಕು ಒಬ್ಬನದು ಎಂದು ಒಪ್ಪಿಕೊಂಡರೆ ಹಗುರವಾದದ್ದನ್ನು ಆರಿಸುವುದು ಸುಲಭವಾಗುತ್ತದೆ.

ಇನ್ನು ಕಾಗದ. ಎರಡು ರಾಜ್ಯಗಳ ವ್ಯತ್ಯಾಸ ಇಲ್ಲಿ ತೀಕ್ಷ್ಣ, ತಿಳಿಯದವರು ದುಡ್ಡು ಕಳೆದುಕೊಳ್ಳುವುದೂ ಇಲ್ಲೇ. ವಿಕ್ಟೋರಿಯಾದಲ್ಲಿ ರಿಜಿಸ್ಟ್ರೇಷನ್ ಸಮೇತ ಮಾರುವವನು ರೋಡ್‌ವರ್ದಿ ಸರ್ಟಿಫಿಕೇಟ್ ಕೊಡಬೇಕು, ಅದು ಮಾಡಿಸಿ ಮೂವತ್ತು ದಿನದೊಳಗಿನದಾಗಿರಬೇಕು. ಕೊಳ್ಳುವವನ ದೃಷ್ಟಿಯಿಂದ ಇದು ಮೆಚ್ಚಬೇಕಾದ ನಿಯಮ. ಆದರೆ ಆ ಸರ್ಟಿಫಿಕೇಟ್ ನೋಡುವುದು ಟೈರು, ಬ್ರೇಕು, ದೀಪ, ಸಸ್ಪೆನ್ಷನ್ ಮುಂತಾದ ಸುರಕ್ಷತೆಯ ಭಾಗಗಳನ್ನು. ಎಂಜಿನ್ ಇನ್ನೆಷ್ಟು ಬಾಳುತ್ತದೆ ಎಂಬುದನ್ನಲ್ಲ. ರೋಡ್‌ವರ್ದಿ ಇಲ್ಲದೆ, ರಿಜಿಸ್ಟ್ರೇಷನ್ ಇಲ್ಲದೆ ಅಗ್ಗಕ್ಕೆ ಮಾರುವ ಬೈಕುಗಳೂ ಸಿಗುತ್ತವೆ. ಮೊದಲ ಬಾರಿ ಕೊಳ್ಳುವವರು ಅತ್ತ ತಲೆ ಹಾಕಬಾರದು. ಉಳಿಸಿದ ಐನೂರು ಡಾಲರ್ ರಿಪೇರಿಯಲ್ಲಿ ಸಾವಿರವಾಗಿ ಹೋಗುತ್ತದೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಐದು ವರ್ಷ ಮೀರಿದ ಗಾಡಿಗೆ ವರ್ಷಕ್ಕೊಮ್ಮೆ ಪಿಂಕ್ ಸ್ಲಿಪ್ ತಪಾಸಣೆ. ಆದರೆ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿದ್ದರೆ ಖಾಸಗಿ ಮಾರಾಟಕ್ಕೆ ಹೊಸ ತಪಾಸಣೆ ಬೇಕಿಲ್ಲ. ಹನ್ನೊಂದು ತಿಂಗಳ ಹಿಂದಿನ ಪಿಂಕ್ ಸ್ಲಿಪ್ಪು ಈವತ್ತಿನ ಬ್ರೇಕ್ ಪ್ಯಾಡಿನ ಬಗ್ಗೆ ಏನೂ ಹೇಳುವುದಿಲ್ಲ. ಈ ವಿಷಯದಲ್ಲಿ ಮೆಲ್ಬರ್ನಿನ ಕೊಳ್ಳುಗನಿಗೆ ಸಿಡ್ನಿಯವನಿಗಿಂತ ಹೆಚ್ಚು ರಕ್ಷಣೆಯಿದೆ, ಸಿಡ್ನಿಯವನು ತನ್ನ ಖರ್ಚಿನಲ್ಲಿ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿಯೇ ತೀರಬೇಕು. ಮೆಲ್ಬರ್ನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹ್ಯೂಮ್ ಹೈವೇ ಹಿಡಿದು ಸಿಡ್ನಿಗೆ ತರುವವರಿಗೆ ಬ್ಲೂ ಸ್ಲಿಪ್ ತಪಾಸಣೆ, ಹೊಸ ಗ್ರೀನ್ ಸ್ಲಿಪ್ ವಿಮೆ, ಹೊಸ ನಂಬರ್ ಪ್ಲೇಟು ಎಂದು ಉಳಿತಾಯವೆಲ್ಲ ಕರಗುತ್ತದೆ.

ಯಾವ ರಾಜ್ಯವಾದರೂ ಪಿಪಿಎಸ್ಆರ್ ಹುಡುಕಾಟವನ್ನು ಬಿಡುವಂತಿಲ್ಲ. 2012ರಿಂದ ಇಡೀ ದೇಶಕ್ಕೆ ಒಂದೇ ಆಗಿರುವ ಈ ದಾಖಲೆಯಲ್ಲಿ ಎರಡು ಡಾಲರ್ ಕೊಟ್ಟು ಬೈಕಿನ ಹದಿನೇಳು ಅಕ್ಷರಗಳ ವಿಐಎನ್ ಹಾಕಿದರೆ, ಅದರ ಮೇಲೆ ಸಾಲವಿದೆಯೇ, ಕಳವಿನದೆಂದು ದಾಖಲಾಗಿದೆಯೇ, ಅಪಘಾತವಾಗಿ ವಿಮೆಯವರು ರೈಟ್ ಆಫ್ ಮಾಡಿದ್ದರೇ ಎಂದು ತಿಳಿಯುತ್ತದೆ. ನಮ್ಮ ಆರ್‌ಸಿಯಲ್ಲಿ ಹೈಪಾಥಿಕೇಷನ್ ನಮೂದಾಗಿರುವಂತೆ ಇಲ್ಲಿ ಬೈಕಿನ ಜೊತೆಗಿರುವ ಕಾಗದದಲ್ಲಿ ಸಾಲ ಕಾಣುವುದಿಲ್ಲ. ಸಾಲ ತೀರದ ಬೈಕು ಕೊಂಡರೆ ಸಾಲ ಕೊಟ್ಟವರು ಅದನ್ನು ನಿಮ್ಮ ಅಂಗಳದಿಂದಲೇ ಎತ್ತಿಕೊಂಡು ಹೋಗಬಹುದು. ವಿಐಎನ್ ಅನ್ನು ಮಾರುವವನ ಮೆಸೇಜಿನಿಂದ ತೆಗೆದುಕೊಳ್ಳಬೇಡಿ. ಹ್ಯಾಂಡಲ್ ಕೆಳಗಿನ ಚಾಸಿಯ ಮೇಲೆ ಕೊರೆದದ್ದನ್ನು ನಿಮ್ಮ ಕಣ್ಣಿನಿಂದ ಓದಿ.

ನೋಡಲು ಹೋಗುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ ಹೋಗಿ; ಬಿಸಿಯಾದ ಎಂಜಿನ್ ರೋಗವನ್ನು ಮುಚ್ಚಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರದ ಟೈರು. ಗುಂಡಿ ಆಳವಿದ್ದರೂ ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಕೈಕೊಡುತ್ತದೆ. ಫೋರ್ಕಿನ ಮೇಲೆ ಎಣ್ಣೆಯ ಪಸೆ, ಸ್ಪ್ರಾಕೆಟ್ಟಿನ ಚೂಪು ಹಲ್ಲು, ಬಾಗಿದ ಕ್ಲಚ್ ಲಿವರ್, ಹ್ಯಾಂಡಲ್ ತುದಿಯ ಉಜ್ಜಿದ ಗುರುತು, ಇವು ಮಾರುವವನು ಹೇಳದ್ದನ್ನು ಹೇಳುತ್ತವೆ. ಮೀಟರಿನ ಕಿಲೋಮೀಟರಿಗಿಂತ ಸರ್ವಿಸ್ ಪುಸ್ತಕದ ರಸೀದಿಗಳಿಗೆ ಹೆಚ್ಚು ಬೆಲೆ ಕೊಡಿ. ನಲವತ್ತು ಸಾವಿರ ಓಡಿ ಹೊತ್ತಿಗೆ ಸರಿಯಾಗಿ ಸರ್ವಿಸ್ ಆದದ್ದು, ಎಂಟು ಸಾವಿರ ಓಡಿ ಮೂರು ವರ್ಷ ಗ್ಯಾರೇಜಿನ ಮೂಲೆಯಲ್ಲಿ ನಿಂತದ್ದಕ್ಕಿಂತ ಮೇಲು.

ಬಟ್ಟೆಯ ವಿಷಯದಲ್ಲಿ ನಾನು ಹಟಮಾರಿ. ಬಜೆಟ್ ಎಷ್ಟೇ ಇರಲಿ, ಸಾವಿರ ಡಾಲರ್ ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಬೈಕು ಹುಡುಕಿ. ಊರಿನಿಂದ ತಂದ ಐಎಸ್‌ಐ ಹೆಲ್ಮೆಟ್ ಇಲ್ಲಿ ಕಾನೂನಿಗೆ ಒಪ್ಪುವುದಿಲ್ಲ. ಆಸ್ಟ್ರೇಲಿಯಾದ 1698 ಗುಣಮಟ್ಟದ್ದೋ ಯುರೋಪಿನ ಇಸಿಇ 22 ಗುರುತಿನದ್ದೋ ಆಗಬೇಕು. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ. ಜಾಕೆಟ್, ಪ್ಯಾಂಟು, ಗ್ಲೌಸುಗಳಿಗೆ ಮೋಟೋಕ್ಯಾಪ್ ಇದೆ: 2018ರಲ್ಲಿ ಶುರುವಾದ ಈ ವ್ಯವಸ್ಥೆ ಬಟ್ಟೆಗಳನ್ನು ಪ್ರಯೋಗಾಲಯದಲ್ಲಿ ಉಜ್ಜಿ, ಹರಿದು ಪರೀಕ್ಷಿಸಿ ನಕ್ಷತ್ರ ಕೊಡುತ್ತದೆ, ಸೆಖೆಯಲ್ಲಿ ಎಷ್ಟು ಹಾಯೆನಿಸುತ್ತದೆ ಎಂಬುದಕ್ಕೂ ಬೇರೆ ನಕ್ಷತ್ರವಿದೆ. ಬೆಲೆ ಹೆಚ್ಚಿದ್ದೆಲ್ಲ ಗಟ್ಟಿಯಲ್ಲ ಎಂಬುದು ಆ ಪಟ್ಟಿ ನೋಡಿದವರಿಗೆ ತಿಳಿಯುತ್ತದೆ. ಇಷ್ಟು ಉಪಯುಕ್ತವಾದದ್ದು ಪುಕ್ಕಟೆ ಸಿಗುತ್ತಿರುವಾಗ ನಮ್ಮ ಹುಡುಗರು ಅದನ್ನು ತೆರೆದೂ ನೋಡದೆ ಜೀನ್ಸಿನಲ್ಲಿ ಹೊರಡುವುದನ್ನು ಕಂಡರೆ ಸಂಕಟವಾಗುತ್ತದೆ.

ಓದು ಮುಗಿಸಿ ಊರಿಗೆ ಮರಳುವ ಸೀನಿಯರ್ ತನ್ನ ಬೈಕನ್ನು ಜೂನಿಯರಿಗೆ ಬಿಟ್ಟು ಹೋಗುವ ಪದ್ಧತಿ ಎರಡೂ ನಗರಗಳಲ್ಲಿ ಇದೆ, ನನಗೆ ಅದು ಇಷ್ಟವೂ ಹೌದು. ಬೈಕಿನ ಹಿಂದುಮುಂದು ಗೊತ್ತಿರುತ್ತದೆ, ಬೆಲೆಯಲ್ಲಿ ಮೋಸವಿರುವುದಿಲ್ಲ. ಕೆಡುವುದು ಸ್ನೇಹದ ಸಲಿಗೆಯಲ್ಲಿ: ಹೆಸರು ಬದಲಾಗದೆ ತಿಂಗಳುಗಟ್ಟಲೆ ಓಡುತ್ತದೆ. ವರ್ಗಾವಣೆಗೆ ಎರಡೂ ರಾಜ್ಯಗಳಲ್ಲಿ ಹದಿನಾಲ್ಕು ದಿನ ಗಡುವು. ಕೊಳ್ಳುವವನು ಬೆಲೆಯ ಮೇಲೆ ಡ್ಯೂಟಿಯನ್ನೂ ಕಟ್ಟಬೇಕು. ಅದನ್ನು ತಪ್ಪಿಸಲು ಹೋದರೆ ಕ್ಯಾಮೆರಾದ ದಂಡದ ಚೀಟಿ ದಾವಣಗೆರೆಗೆ ಮರಳಿದವನ ಹೆಸರಿಗೆ ಬರುತ್ತದೆ, ಹಳೆಯ ಓನರ್ ಮಾಡಿಸಿದ್ದ ಕಾಂಪ್ರಹೆನ್ಸಿವ್ ವಿಮೆ ಹೊಸಬನಿಗೆ ಸಿಗದೆ ಹೋಗುತ್ತದೆ. ಬೀಳ್ಕೊಡುಗೆ ಊಟಕ್ಕೆ ಸೇರಿದ ದಿನವೇ ಇಬ್ಬರೂ ಕೂತು ಫಾರಂ ತುಂಬಿ, ಸಹಿ ಹಾಕಿ, ಎರಡನೇ ಕೀಲಿ ಮತ್ತು ಸರ್ವಿಸ್ ರಸೀದಿಗಳನ್ನೂ ಕೈಗೊಪ್ಪಿಸಿಬಿಡಬೇಕು.