‘ಡಿಜಿಟ್’ ಮತ್ತು ಅವ್ವನ ಪಾಕ

ಹೋದ ದೀಪಾವಳಿಗೆ ಪುಣೆಯ ಮನೆಯ ಅಟ್ಟ ಸ್ವಚ್ಛ ಮಾಡುವಾಗ ‘ಡಿಜಿಟ್’ ಮಾಸಪತ್ರಿಕೆಯ ಹಳೆಯ ಸಂಚಿಕೆಗಳ ಒಂದು ಕಟ್ಟು ಸಿಕ್ಕಿತು. ರದ್ದಿಯವನು ಬರುವುದರೊಳಗೆ ಒಮ್ಮೆ ತಿರುವಿಹಾಕೋಣ ಎಂದು ಕೂತವನು ಎರಡು ಸಂಜೆ ಅದರಲ್ಲೇ ಕಳೆದೆ. ಎಂ.ಟೆಕ್. ಓದುವಾಗ ಹಾಸ್ಟೆಲ್ಲಿನಲ್ಲಿ ನಾಲ್ವರು ದುಡ್ಡು ಕೂಡಿಸಿ ಕೊಳ್ಳುತ್ತಿದ್ದ ಪತ್ರಿಕೆ ಇದು. ಆಗ ಕಲಿಯುವ ಹಸಿವಿನಿಂದ ಓದಿದ್ದೆ. ಈಗ, ಇತರರಿಗೆ ಕೆಲಸ ವಿವರಿಸಿ ಹೇಳುವುದನ್ನೇ ಉದ್ಯೋಗ ಮಾಡಿಕೊಂಡ ಮೇಲೆ, ಬರವಣಿಗೆಯಾಗಿ ಓದಿದೆ.

ಕಿರಿಯ ಓದುಗರಿಗಾಗಿ ಎರಡು ಮಾತು. ಜರ್ಮನಿ ಮೂಲದ ‘ಚಿಪ್’ ಪತ್ರಿಕೆಯ ಭಾರತೀಯ ಆವೃತ್ತಿಯನ್ನು ಮುಂಬಯಿಯಿಂದ ತರುತ್ತಿದ್ದ ಜಸುಭಾಯ್ ಡಿಜಿಟಲ್ ಮೀಡಿಯಾ 2001ರಲ್ಲಿ ‘ಡಿಜಿಟ್’ ಎಂಬ ಸ್ವಂತ ಹೆಸರಿಗೆ ಬದಲಾಯಿಸಿಕೊಂಡಿತು. ಮುಂದೆ ಪತ್ರಿಕೆ 9.9 ಮೀಡಿಯಾದ ಕೈಗೆ ಹೋಯಿತು. ಸಂಚಿಕೆಯ ಜೊತೆ ಮೊದಲು ಸಿಡಿ, ಆಮೇಲೆ ಡಿವಿಡಿ. ಆ ಸಿಡಿಯ ಮಹತ್ವ ತಿಳಿಯಲು ಒಂದು ಲೆಕ್ಕ ಸಾಕು. 56 ಕೆಬಿಪಿಎಸ್ ಡಯಲ್-ಅಪ್ ಪೂರ್ತಿ ವೇಗದಲ್ಲಿ ಓಡಿದರೂ 700 ಎಂಬಿ ಇಳಿಸಿಕೊಳ್ಳಲು ಸುಮಾರು 28 ಗಂಟೆ ಬೇಕು. ಅದು ಪೂರ್ತಿ ವೇಗದಲ್ಲಿ ಎಂದೂ ಓಡಲಿಲ್ಲ. ನಡುವೆ ಯಾರಾದರೂ ಫೋನೆತ್ತಿದರೆ ಸಂಪರ್ಕವೇ ಹೋಯಿತು.

ಹೀಗಾಗಿ ‘ನಾವು ಕೊಂಡದ್ದು ಸಿಡಿಗಾಗಿ’ ಎಂದು ನಮ್ಮ ವಾರಿಗೆಯವರು ನಗುತ್ತಾ ಹೇಳುವುದುಂಟು. ಇದು ಅರ್ಧ ನಿಜ. ಬರಹಕ್ಕಾಗಿಯೂ ಕೊಂಡೆವು. ಇಂದು ಕೇಳಬೇಕಾದದ್ದು ಆ ಬರಹದಲ್ಲಿ ಉಳಿದದ್ದೇನು ಎಂದು.

ಪತ್ರಿಕೆಯಲ್ಲಿ ಮೂರು ಬಗೆಯ ಬರಹ ಕಾಣುತ್ತವೆ. ಮೊದಲನೆಯದು ಪರೀಕ್ಷೆಯ ಅಂಕಪಟ್ಟಿ. ಮಾನಿಟರ್, ಪ್ರಿಂಟರ್, ಗ್ರಾಫಿಕ್ಸ್ ಕಾರ್ಡ್ ಸಾಲಾಗಿ ನಿಲ್ಲಿಸಿ, ಅಳೆದು, ಅಂಕ ಕೊಟ್ಟಿದ್ದಾರೆ. ಇದರಲ್ಲಿ ಶ್ರಮವಿದೆ. ಜಾಹೀರಾತು ನಂಬಬೇಡ, ಅಳೆದು ನೋಡು ಎಂಬ ಪಾಠವೂ ಇದೆ. ಆದರೆ ಆ ಪುಟಗಳ ಆಯುಸ್ಸು ಆರು ತಿಂಗಳು. ಜೊತೆಗೆ, ಇದ್ದದ್ದರಲ್ಲಿ ಕೆಲಸ ತೆಗೆಯುವುದಕ್ಕಿಂತ ಮುಂದೆ ಕೊಳ್ಳಬೇಕಾದದ್ದರ ಕನಸಿನಲ್ಲೇ ನಾವು ಹೆಚ್ಚು ಹೊತ್ತು ಕಳೆದೆವು.

ಎರಡನೆಯದು ‘ಇದನ್ನು ಒತ್ತಿ, ಅದನ್ನು ಆರಿಸಿ’ ಎಂಬ ಹಂತಗಳ ಬರಹ. ಮೂರನೆಯದು ಒಳಗಿನ ಕೆಲಸ ವಿವರಿಸುವ ಬರಹ. ಇದು ಚೆನ್ನಾಗಿ ಬಂದದ್ದು ‘ಫಾಸ್ಟ್ ಟ್ರ್ಯಾಕ್’ ಎಂಬ ಪುಟ್ಟ ಪುಸ್ತಕಗಳಲ್ಲಿ. ಪ್ರತಿ ಪುಸ್ತಕಕ್ಕೂ ಒಂದೇ ವಿಷಯ. ಅವಸರದ ಮುದ್ರಣ, ಒಮ್ಮೊಮ್ಮೆ ಅತಿ ಉತ್ಸಾಹ. ಆದರೂ ಓದಿ ಮುಗಿಸಿದಾಗ ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದರ ಒಂದು ಚಿತ್ರ ತಲೆಯಲ್ಲಿ ನಿಲ್ಲುತ್ತಿತ್ತು.

ಎರಡಕ್ಕೂ ಇರುವ ಅಂತರ ನನಗೆ ಮನದಟ್ಟಾದದ್ದು ಕನ್ನಡದಿಂದಲೇ. ಡಿಜಿಟ್ ಹೆಸರು ಬಂದ 2001ರಲ್ಲೇ ವಿಂಡೋಸ್ ಎಕ್ಸ್‌ಪಿ ಕೂಡ ಬಂತು. ಅದರಲ್ಲಿ ‘ತುಂಗಾ’ ಎಂಬ ಯುನಿಕೋಡ್ ಕನ್ನಡ ಫಾಂಟ್ ಇತ್ತು. ಆದರೂ ನಮ್ಮ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚದುರಿ ಕಾಣುತ್ತಿದ್ದವು. ಹಾಸ್ಟೆಲ್ಲಿನ ಸೀನಿಯರ್ ಒಬ್ಬರು ದಾರಿ ತೋರಿಸಿದರು. ಕಂಟ್ರೋಲ್ ಪ್ಯಾನೆಲ್, ರೀಜನಲ್ ಆಂಡ್ ಲ್ಯಾಂಗ್ವೇಜ್ ಆಪ್ಷನ್ಸ್, ಅಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಚೌಕಕ್ಕೆ ಟಿಕ್, ಎಕ್ಸ್‌ಪಿ ಸಿಡಿ ಹಾಕು, ರೀಸ್ಟಾರ್ಟ್. ಈ ಮಂತ್ರ ಈಗಲೂ ಬಾಯಿಪಾಠ, ಆದರೆ ಯಾವ ಉಪಯೋಗಕ್ಕೂ ಬಾರದು. ಅವರು ಅದರ ಜೊತೆ ಹೇಳಿದ ಇನ್ನೊಂದು ಮಾತು ಮಾತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ‘ಫಾಂಟಿನಲ್ಲಿ ಅಕ್ಷರ ಇರುತ್ತವೆ, ಅವನ್ನು ಜೋಡಿಸುವ ಕೆಲಸ ಬೇರೆಯದು. ಒತ್ತು ಚದುರಿದೆ ಎಂದರೆ ಜೋಡಿಸುವವನು ಬಂದಿಲ್ಲ ಎಂದರ್ಥ.’ ಯಾವುದೋ ಆ್ಯಪಿನಲ್ಲಿ ಕನ್ನಡ ಒಡೆದು ಕಂಡರೆ ಎಲ್ಲಿ ನೋಡಬೇಕೆಂದು ಈಗಲೂ ನನಗೆ ಹೊಳೆಯುವುದು ಆ ಮಾತಿನಿಂದ.

ಇನ್ನು ಧಾರವಾಡದಲ್ಲಿರುವ ನಮ್ಮವ್ವನ ವಿಷಯ. ನನ್ನಂತೆ ಹೊರಗಿರುವ ಪ್ರತಿಯೊಬ್ಬರೂ ತಮ್ಮ ಮನೆಯ ಡಿಜಿಟ್ ಪತ್ರಿಕೆಯೇ. ವಾರಕ್ಕೊಮ್ಮೆ ಫೋನಿನಲ್ಲಿ ಪ್ರಕಟವಾಗುತ್ತೇವೆ. ‘ಅವ್ವಾ, ಮ್ಯಾಲೆ ಬಲಗಡೆ ಮೂರು ಚುಕ್ಕಿ ಅದಾವಲ್ಲ, ಅದನ್ನ ಒತ್ತು’ ಎಂದೆ ಒಮ್ಮೆ. ‘ನಂದರಾಗ ಚುಕ್ಕಿ ಇಲ್ಲಪಾ, ಮೂರು ಗೆರಿ ಅದಾವ’ ಎಂದಳು. ಅಲ್ಲಿಗೆ ನನ್ನ ಹಂತಗಳ ಬರಹ ಮುಗಿಯಿತು. ಆಮೇಲೆ ಅವಳು ಕೇಳಿದ್ದು: ‘ಅದಿರಲಿ, ಆತು ಅಂತ ಹೆಂಗ ಗೊತ್ತಾಗಬೇಕು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಟ್ಟದಿಂದ ಇಳಿಸಿದ ಸಂಚಿಕೆಗಳ ಹಂತದ ಬರಹಗಳಲ್ಲೂ ನನಗೆ ಕಡಿಮೆ ಕಂಡದ್ದು ಇದೇ ಉತ್ತರ.

ಅವ್ವನಿಗೆ ಈ ಪ್ರಶ್ನೆ ಸಹಜ. ಅವಳು ಉಂಡಿ ಮಾಡುವುದನ್ನು ಹೇಳಿಕೊಡುವಾಗ ‘ಇಷ್ಟು ನಿಮಿಷ ಕುದಿಸು’ ಎನ್ನುವುದಿಲ್ಲ. ಪಾಕ ಎರಡು ಬೆರಳಿನ ನಡುವೆ ಎಳೆ ಬರಬೇಕು ಎನ್ನುತ್ತಾಳೆ. ರವೆ ಘಮ ಬರುವ ತನಕ ಹುರಿ, ಮಸಾಲೆಯ ಹಸಿ ವಾಸನೆ ಹೋಗುವ ತನಕ ಬಾಡಿಸು. ಅದು ಹಂತದ ಜೊತೆ ಗುರುತನ್ನೂ ಕೊಡುವ ಮಾತು. ಒಲೆ ಹೋಗಿ ಗ್ಯಾಸ್ ಬಂದರೂ, ಗ್ಯಾಸ್ ಹೋಗಿ ಇಂಡಕ್ಷನ್ ಬಂದರೂ ಅದು ಕೆಡುವುದಿಲ್ಲ. ಕನ್ನಡದಲ್ಲಿ ‘ಹೀಗೆ ಮಾಡು’ ಎಂಬ ಗದ್ಯ ಇಲ್ಲ, ಅದನ್ನು ಹೊಸದಾಗಿ ಕಟ್ಟಬೇಕು ಎಂದು ನಾವು ತಿಳಿದದ್ದು ತಪ್ಪು. ಅದು ಅಡುಗೆಮನೆಯಲ್ಲಿ ಸೊಗಸಾಗಿ ಇದೆ. ಕಂಪ್ಯೂಟರಿನ ಹತ್ತಿರ ಕೂತಾಗ ನಾವು ಅದನ್ನು ಬಿಟ್ಟು ‘ಅನುಸ್ಥಾಪಿಸಿ’ ಎಂದು ಬರೆಯುತ್ತೇವೆ, ಇಲ್ಲವೇ ಪೂರ್ತಿ ಇಂಗ್ಲಿಷಿಗೆ ಜಾರುತ್ತೇವೆ.

ಮುಂಬಯಿಯ ಇಂಗ್ಲಿಷ್ ಮಾಸಪತ್ರಿಕೆ ಇದನ್ನು ನಮಗೆ ಮಾಡಿಕೊಡಬೇಕಿತ್ತು ಎಂದು ದೂರುವುದು ಸರಿಯಲ್ಲ. ಯು.ಬಿ. ಪವನಜ, ಟಿ.ಜಿ. ಶ್ರೀನಿಧಿ ಅವರಂಥವರು ಕನ್ನಡದಲ್ಲಿ ವರ್ಷಗಟ್ಟಲೆ ತಂತ್ರಜ್ಞಾನ ಬರೆದಿದ್ದಾರೆ. ಅವರ ಬೆನ್ನಿಗೆ ನಿಲ್ಲಬೇಕಾದವರು, ಡಿಜಿಟ್ ಓದಿ ಕೆಲಸ ಹಿಡಿದ ನಮ್ಮಂಥ ಸಾವಿರಾರು ಜನ, ಸುಮ್ಮನಿದ್ದೇವೆ. ಇವತ್ತು ಯಾವ ಫೋನು ಬಂತು, ರೀಚಾರ್ಜ್ ಎಷ್ಟಾಯಿತು ಎಂಬ ಸುದ್ದಿಗೆ ಕನ್ನಡದಲ್ಲಿ ಬರವಿಲ್ಲ. ಗುರುತು ಹೇಳಿಕೊಡುವ ಬರಹಕ್ಕೆ ಬರ ಇದೆ.

ಈಗ ಇದರಲ್ಲಿ ಮನೆಯ ದುಡ್ಡಿನ ಪ್ರಶ್ನೆಯೂ ಇದೆ. ಅವ್ವನ ಫೋನಿನಲ್ಲಿ ಯುಪಿಐ ಬಂದ ದಿನ ನಾನು ಚುಕ್ಕಿ, ಗೆರೆ ಯಾವುದನ್ನೂ ವಿವರಿಸಲಿಲ್ಲ. ‘ಅವ್ವಾ, ನಿನಗ ರೊಕ್ಕ ಬರೂದಿದ್ರ ಪಿನ್ ಹಾಕೋದು ಬ್ಯಾಡ. ರೊಕ್ಕ ಕಳಸ್ತೀನಿ ಅಂದು ಯಾರರ ಪಿನ್ ಹಾಕು ಅಂದ್ರ, ನಿನ್ನ ರೊಕ್ಕ ಹೊಂಟದ ಅಂತ ತಿಳಕೋ’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಂ, ಇದು ತಿಳೀತು’ ಎಂದಳು.

ಸಂಚಿಕೆಗಳು ರದ್ದಿಗೆ ಹೋದವು. ಫಾಸ್ಟ್ ಟ್ರ್ಯಾಕ್ ಪುಸ್ತಕಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ.